ಮೈಕಿನ ಜೀಪಿನಲ್ಲಿ ಒಂದು ಸೀಟು

ನಮ್ಮೂರಿನಲ್ಲಿ ಏನಾದರೂ ಬೇಕೆಂದಿದ್ದರೆ ಮೊದಲು ಅದನ್ನು ಬೇಡ ಎನ್ನಬೇಕು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಕೇರಳದ ಗಡಿಯಲ್ಲಿರುವ ನಮ್ಮ ವರ್ಕಾಡಿಯ ಆಸುಪಾಸಿನಲ್ಲಿ ಹುಟ್ಟಿದ ಮಗುವಿಗೆ ಅದು ತಾನಾಗಿಯೇ ಗೊತ್ತಿರುತ್ತದೆ. ಮನೆಗೆ ಬಂದವರನ್ನು ಚಾ ಮಾಡಲೇ ಎಂದು ಕೇಳಿದರೆ ‘ಬೇಡ ಬೇಡ, ಈಗ ಕುಡಿದು ಬಂದದ್ದಷ್ಟೆ’ ಎನ್ನುತ್ತಾರೆ. ಮನೆಯವರು ಆ ಮಾತು ಕಿವಿಗೆ ಬೀಳದವರಂತೆ ಒಳಗೆ ಹೋಗಿ ನೀರಿಡಬೇಕು. ನಂಬಿ ಕುಳಿತರೆ ಕೆಟ್ಟರು; ಅವರ ಜಿಪುಣತನದ ಕಥೆ ಮೊಮ್ಮಕ್ಕಳ ಕಾಲದವರೆಗೆ ನಡೆಯುತ್ತದೆ. ಮದುವೆಯ ಊಟದಲ್ಲಿ ಎರಡನೆಯ ಸಲ ಸಾರು ಬಂದಾಗ ನಮ್ಮವರು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಾರೆ, ಆದರೆ ಬೆರಳುಗಳ ನಡುವೆ ಒಂದು ಮಾಂಸದ ತುಂಡು ಇಳಿಯುವಷ್ಟು ಜಾಗ ಬಿಟ್ಟಿರುತ್ತಾರೆ. ಬಡಿಸುವವನಿಗೂ ಆ ಜಾಗ ಗೊತ್ತು. ಇಷ್ಟು ಸೂಕ್ಷ್ಮವಾದ ವ್ಯವಸ್ಥೆಯೊಳಗೆ ನನ್ನಂಥ ಪುಕ್ಕಲು ಹೆಂಗಸು ಜೀವಮಾನವಿಡೀ ಆರಾಮಾಗಿ ಅಡಗಿಕೊಂಡಿರಬಹುದು. ನನ್ನ ಹೆದರಿಕೆಯನ್ನು ಎಲ್ಲರೂ ವಿನಯವೆಂದೇ ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ, ಮೈಕಿನ ಜೀಪಿನ ಮುಂದಿನ ಸೀಟು. ನಾನು ಚಿಕ್ಕವಳಿದ್ದಾಗ ನಾಟಕವಿರಲಿ, ಕಬಡ್ಡಿ ಪಂದ್ಯವಿರಲಿ, ಕಣ್ಣಿನ ಶಿಬಿರವಿರಲಿ, ಸುದ್ದಿ ಬರುತ್ತಿದ್ದದ್ದು ಆ ಜೀಪಿನ ಮೇಲೆ ಕಟ್ಟಿದ ಹಾರ್ನಿನಿಂದ. ಮೊದಲು ದೂರದ ಗುಡ್ಡೆಯಾಚೆ ಗೊರಗೊರ. ಆಮೇಲೆ ಗಾಳಿ ತಿರುಗಿದಾಗ ಒಂದೊಂದು ಪದ. ಆಮೇಲೆ ‘ಆತ್ಮೀಯ ಬಂಧುಗಳೇ’ ಎಂದು ಇಡೀ ಆಕಾಶವೇ ನಮ್ಮನ್ನು ಬಂಧುಗಳನ್ನಾಗಿ ಮಾಡಿಕೊಳ್ಳುತ್ತಿತ್ತು. ಬೀಡಿ ಕಟ್ಟುತ್ತಿದ್ದ ಅಮ್ಮ ಮೊರವನ್ನು ತೊಡೆಯ ಮೇಲಿಂದ ಇಳಿಸಿ ಕೇಳುತ್ತಿದ್ದಳು. ಜೀಪು ಹಸಿರು ಬಣ್ಣದ್ದು. ಅಥವಾ ಅದರ ಹಿಂದೆ ನಾವು ಓಡಿ ಹೆಕ್ಕುತ್ತಿದ್ದ ನೋಟೀಸು ಹಸಿರು ಬಣ್ಣದ್ದಿರಬೇಕು, ಅದು ಹೇಗೋ ಜೀಪಿಗೆ ಅಂಟಿಕೊಂಡಿದೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದು ಅತಿಥಿಗಳು ಬರುವ ಮೊದಲು ಮನೆ ಗುಡಿಸುವವರ ಹಾಗೆ, ಕಸವನ್ನೆಲ್ಲ ಚಾಪೆಯ ಕೆಳಗೆ ತಳ್ಳುತ್ತದೆ. ಆದರೆ ಆ ಸ್ವರ ನಿಜ. ಒಂದು ದಿನ ನನ್ನ ಸ್ವರವೂ ಹಾಗೆ ಗುಡ್ಡೆ ದಾಟಿ ಬರಬೇಕು ಎಂಬ ಆಸೆಯೂ ನಿಜ.

ಜೀಪೂ ಮೈಕೂ ಮೂಸಾಕನದ್ದು. ನಾನು ಟೀಚರ್ ತರಬೇತಿ ಮುಗಿಸಿ ಬಂದ ವರ್ಷ ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಧೈರ್ಯ ಮಾಡಿ ಅವನನ್ನು ಕೇಳಿದ್ದೆ. ಅವನು ಹಾರ್ನಿನ ವಯರು ಸುತ್ತುತ್ತಾ ನನ್ನ ಮುಖವನ್ನೂ ನೋಡದೆ, ಹೆಣ್ಣುಮಕ್ಕಳ ಸ್ವರ ಹಾರ್ನಿಗೆ ಹಿಡಿಸುವುದಿಲ್ಲ ಎಂದಿದ್ದ. ಆ ವಯರು ಕಪ್ಪು, ನಡುವೆ ಒಂದು ಕಡೆ ಬಿಳಿ ಟೇಪು ಸುತ್ತಿತ್ತು. ಮೂಸಾಕನ ಈ ಒಂದು ಮಾತನ್ನು ನಾನು ನನ್ನ ಇಡೀ ಕೆಲಸದ ಕಾಲದಲ್ಲಿ ಜೋಪಾನವಾಗಿ ಕಾಪಾಡಿಕೊಂಡು ಬಂದೆ. ಹೆಡ್‌ಮಿಸ್ಟ್ರೆಸ್ ಆಗಲು, ಇಗರ್ಜಿಯ ಗಾಯನ ತಂಡ ಸೇರಲು, ಸಾಕ್ಷರತೆಯ ಜಾಥಾದಲ್ಲಿ ಭಾಷಣ ಮಾಡಲು ಯಾರಾದರೂ ಹೇಳಿದಾಗಲೆಲ್ಲ ಮೂಸಾಕ ನನ್ನ ಕಣ್ಣೆದುರು ಬಂದು ವಯರು ಸುತ್ತುತ್ತಾ ನಿಲ್ಲುತ್ತಿದ್ದ. ನಾನು ಬೇಡ ಎನ್ನುತ್ತಿದ್ದೆ. ಊರಿನ ಕ್ರಮದಂತೆ ಅವರು ಮತ್ತೆ ಒತ್ತಾಯಿಸಿದರೆ ಮತ್ತೆ ಬೇಡ ಎನ್ನುತ್ತಿದ್ದೆ. ಮೂರನೆಯ ಸಲಕ್ಕೆ ಒಪ್ಪಬೇಕಾದಲ್ಲಿ ನಾನು ಬಾತ್‌ರೂಮಿಗೆ ಹೋಗಿರುತ್ತಿದ್ದೆ.

ಹೀಗೆಯೇ ನಿವೃತ್ತಿಯೂ ಆಯಿತು. ಅಷ್ಟರಲ್ಲಿ ನಮ್ಮ ಶಾಲೆಗೆ ನೂರು ವರ್ಷ ತುಂಬಿತು. ಹಬ್ಬದ ತಯಾರಿಯ ಸಭೆಗೆ ಹಳೆಯ ಟೀಚರೆಂದು ನನ್ನನ್ನೂ ಕರೆದರು. ಈಗಿನ ಹೆಡ್‌ಮಾಸ್ಟರು ತಿರುವನಂತಪುರದ ಕಡೆಯವರು. ಇಲ್ಲಿಗೆ ಬಂದ ಮೇಲೆ ಕಷ್ಟಪಟ್ಟು ಕನ್ನಡ ಕಲಿತ, ಯಾರ ಮಾತನ್ನಾದರೂ ಪೂರ್ತಿ ನಂಬುವ ಒಳ್ಳೆಯ ಮನುಷ್ಯ. ಹಬ್ಬದ ಸುದ್ದಿಯನ್ನು ಜೀಪಿನಲ್ಲಿ ಮಲಯಾಳದಲ್ಲಿ ಹೇಳಲು ಒಬ್ಬ ಹೊಸ ಮಾಸ್ಟರು ಆಗಲೇ ಕೈ ಎತ್ತಿದ್ದರು. ಕನ್ನಡದಲ್ಲಿ ಸಿಸಿಲಿಯಾ ಟೀಚರ್ ಹೇಳಬಹುದಲ್ಲವೇ ಎಂದು ಹೆಡ್‌ಮಾಸ್ಟರು ನನ್ನ ಕಡೆ ತಿರುಗಿ ಕೇಳಿದರು. ನನ್ನ ಮನಸ್ಸು ಆಗಲೇ ಜೀಪು ಹತ್ತಿತ್ತು. ಬಾಯಿ ಮಾತ್ರ ಅಭ್ಯಾಸಬಲದಿಂದ, ಅಯ್ಯೋ, ನನ್ನಿಂದೆಲ್ಲ ಎಲ್ಲಿ ಆಗ್ತದೆ ಸಾರ್ ಎಂದಿತು. ಹೇಳಿ, ತಲೆ ತಗ್ಗಿಸಿ, ಬಿಸ್ಕೆಟಿನ ತಟ್ಟೆ ನೋಡುತ್ತಾ ಒತ್ತಾಯಕ್ಕಾಗಿ ಕಾದೆ. ಹೆಡ್‌ಮಾಸ್ಟರು ಸರಿ ಎಂದರು. ಕನ್ನಡಕ್ಕೆ ಫೋನಿನಲ್ಲಿ ಬರೆದದ್ದನ್ನು ಓದುವ ಒಂದು ಹೆಂಗಸಿನ ಸ್ವರ ಸಿಗುತ್ತದಂತೆ, ಅದೇ ಸಾಕು ಎಂದರು. ಸಭೆ ಪೆಂಡಾಲಿನ ವಿಷಯಕ್ಕೆ ಹೋಯಿತು. ಬೆರಳುಗಳ ನಡುವೆ ನಾನು ಬಿಟ್ಟಿದ್ದ ಜಾಗ ಹಾಗೆಯೇ ಉಳಿಯಿತು.

ಮನೆಗೆ ಬಂದು ನನ್ನ ಗಂಡ ಲಾರೆನ್ಸನಿಗೆ ಹೇಳಿ ಅತ್ತೆ. ಮೂಸಾಕನಿಂದ ಹಿಡಿದು ಹೆಡ್‌ಮಾಸ್ಟರವರೆಗೆ ನನ್ನನ್ನು ಬೇಡವೆಂದವರ ಕಥೆಯನ್ನೆಲ್ಲ ಬಿಚ್ಚಿದೆ. ಲಾರೆನ್ಸ್ ಮೀನು ಕೊಯ್ಯುತ್ತಾ ಕೇಳಿಸಿಕೊಂಡ. ನಮ್ಮ ಮನೆಯಲ್ಲಿ ಮೀನು ಕೊಯ್ಯುವುದು ಅವನ ಕೆಲಸ, ಮುಳ್ಳಿನ ವಿಷಯದಲ್ಲಿ ಅವನಿಗೆ ಕನಿಕರ ಕಡಿಮೆ.

“ಅವರು ಎಲ್ಲಿ ಬೇಡ ಹೇಳಿದ್ದು ಮಾರಾಯ್ತಿ? ಬೇಡ ಹೇಳಿದ್ದು ನೀನು,” ಎಂದ ಕೊಂಕಣಿಯಲ್ಲಿ. “ನಾಳೆ ಹೋಗಿ ಬೇಕು ಅಂತ ಹೇಳಿ ಬಾ.”

ಬೇಕು ಅಂತ ಹೇಳುವುದು! ಅದಕ್ಕಿಂತ ಪಂಚಾಯತು ಆಫೀಸಿನ ಮುಂದೆ ಕುಣಿದು ಬರುವುದು ಸುಲಭವೆಂದು ಕಂಡಿತು. ಆದರೂ ಮರುದಿನ ಹೋದೆ. ಧೈರ್ಯ ಬಂದದ್ದಲ್ಲ. ಫೋನಿನ ಹೆಂಗಸು ನಮ್ಮ ಶಾಲೆಯ ಹೆಸರು ಹೇಳುವುದನ್ನು ಹೆಡ್‌ಮಾಸ್ಟರು ವಾಟ್ಸಾಪಿನಲ್ಲಿ ಕಳಿಸಿದ್ದರು. ಅವಳು ತಪ್ಪೇನೂ ಮಾಡಿರಲಿಲ್ಲ. ಆದರೆ ಆ ಶಾಲೆಯ ಮೆಟ್ಟಿಲಿನಲ್ಲಿ ಒಮ್ಮೆಯೂ ಬಿದ್ದು ಮಂಡಿ ಒಡೆದುಕೊಳ್ಳದವಳ ಸ್ವರ ಅದು. ಕೇಳಿ ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚಿಗೆ ಇರುವ ಕಾಲು ಧೈರ್ಯಕ್ಕೆ ಇಲ್ಲ.

ನಾನು ಅನೌನ್ಸ್‌ಮೆಂಟ್ ಮಾಡುತ್ತೇನೆ ಎಂದಾಗ ಹೆಡ್‌ಮಾಸ್ಟರು ಗೊಂದಲಕ್ಕೆ ಬಿದ್ದರು. “ಟೀಚರ್ ನಿನ್ನೆ ಆಗುವುದಿಲ್ಲ ಹೇಳಿದ್ದಲ್ಲವಾ?”

“ಅದು ಆಗುವುದಿಲ್ಲ ಅಂತ ಅಲ್ಲ ಸಾರ್. ಇಲ್ಲಿ ಮೊದಲು ಹಾಗೆ ಹೇಳುವುದು.”

ನಮ್ಮ ಕ್ರಮವನ್ನು ಚಾದಿಂದ ಹಿಡಿದು ವಿವರಿಸಿದೆ. ಅವರ ಮುಖ ನಿಧಾನಕ್ಕೆ ಬಿಳಿಚಿಕೊಂಡಿತು. ಇಲ್ಲಿಗೆ ಬಂದಂದಿನಿಂದ ತಮ್ಮ ಕ್ವಾರ್ಟರ್ಸಿಗೆ ಬಂದ ಎಷ್ಟೋ ಜನರಿಗೆ ತಾವು ಒಂದು ಲೋಟ ನೀರನ್ನೂ ಕೊಡದೆ ಕಳಿಸಿದ್ದಾಗಿಯೂ, ಈ ಊರಿನವರು ಬಹಳ ಮಿತಾಹಾರಿಗಳೆಂದು ಹೆಂಡತಿಗೆ ಫೋನಿನಲ್ಲಿ ಹೊಗಳಿದ್ದಾಗಿಯೂ ಹೇಳಿದರು. ಆ ಚಿಂತೆಯಲ್ಲೇ ನನಗೆ ಒಪ್ಪಿಗೆ ಕೊಟ್ಟರು. ಆದರೆ ಜೀಪು ಮೂಸಾಕನದ್ದು, ಮೈಕ್ ಯಾರ ಕೈಗೆ ಕೊಡುವುದೆಂದು ಅವನೇ ಹೇಳಬೇಕು, ಹೋಗಿ ಕೇಳಿ ಎಂದರು.

ಮೂಸಾಕ ಈಗ ಅಂಗಡಿಯಲ್ಲಿ ಕುಳಿತು ಹಳೆಯ ಆಂಪ್ಲಿಫಯರ್‌ಗಳನ್ನು ಒರೆಸುವುದೇ ಹೆಚ್ಚು. ಗಡ್ಡ ಬೆಳ್ಳಗಾಗಿದೆ. ನನ್ನನ್ನು ಕಂಡು ಸ್ಟೂಲು ಎಳೆದು, ಕೂತುಕೊಳ್ಳಿ ಟೀಚರೇ ಎಂದ. ಕೇಳುವ ಬದಲು ನಾನು ಹಳೆಯ ಲೆಕ್ಕ ತೆಗೆದೆ: ಆವತ್ತು ಬಸ್‌ಸ್ಟ್ಯಾಂಡಿನಲ್ಲಿ ನೀವು ಹೀಗೆ ಹೇಳಿದ್ದಿರಲ್ಲ, ನೆನಪುಂಟಾ ಎಂದೆ. ಅವನು ಯಾವ ವರ್ಷ ಎಂದು ಕೇಳಿದ. ಹೇಳಿದೆ.

“ಆ ವರ್ಷ ನಾನು ಅಬುಧಾಬಿಯಲ್ಲಿ ಟೀಚರೇ. ಜೀಪು ಶೆಡ್ಡಿನಲ್ಲಿ ಇತ್ತು. ನೀವು ನನ್ನ ಹತ್ರ ಯಾವತ್ತೂ ಎಂತದೂ ಕೇಳ್ಲಿಲ್ಲ.”

ಹಾಗಾದರೆ ಆ ವಯರು? ಆ ಬಿಳಿ ಟೇಪು? ಯಾರದೋ ಮಾತನ್ನು ಯಾರದೋ ಬಾಯಿಗೆ ಹಾಕಿಕೊಂಡೆನೇ, ಅಥವಾ ಕೇಳುವ ಕಷ್ಟವೇ ಬೇಡವೆಂದು ಉತ್ತರವನ್ನು ನಾನೇ ಮೊದಲು ಹೊಲಿದಿಟ್ಟುಕೊಂಡೆನೇ? ಮೂಸಾಕನ ನೆನಪನ್ನೂ ನಂಬಬೇಕೆಂದಿಲ್ಲ, ಗಲ್ಫಿಗೆ ಹೋದವರ ವರ್ಷಗಳು ಹಿಂದೆ ಮುಂದೆ ಆಗುವುದುಂಟು. ಆದರೂ ನನಗಿಂತ ಅವನ ಸ್ವರದಲ್ಲಿ ಅನುಮಾನ ಕಡಿಮೆ ಇತ್ತು.

ಅವನು ಆಂಪ್ಲಿಫಯರ್ ಒರೆಸುವುದನ್ನು ನಿಲ್ಲಿಸಿದ. “ಕೇಳಿದ್ರೆ ಆಗ ಇಲ್ಲ ಅಂತಲೇ ಹೇಳ್ತಿದ್ದೆ ಕಾಣ್ತದೆ. ಸುಳ್ಳು ಯಾಕೆ ಹೇಳುದು. ಈಗ ಕೇಳಿ, ಕಾಣುವ.”

ಸ್ಟೂಲಿನಿಂದ ಎದ್ದು ಕೇಳಿಯೇಬಿಟ್ಟೆ. “ಮೂಸಾಕ, ಶಾಲೆಯ ಅನೌನ್ಸ್‌ಮೆಂಟ್ ನನಗೆ ಮಾಡ್ಬೇಕು.”

“ಆಯ್ತು. ಶನಿವಾರ ಬನ್ನಿ.”

ಅಷ್ಟೆ. ಒಂದು ಆಯುಷ್ಯದ ಹೆದರಿಕೆಗೆ ಇಷ್ಟು ಚಿಕ್ಕ ಉತ್ತರ ಸಿಕ್ಕಿದಾಗ ನನಗೆ ಸ್ವಲ್ಪ ಅವಮಾನವೇ ಆಯಿತು. ಇಲ್ಲ ಎಂದಿದ್ದರೂ ಅವನು ಇಷ್ಟೇ ಹೊತ್ತು ತೆಗೆದುಕೊಳ್ಳುತ್ತಿದ್ದ.

ಶನಿವಾರ ಮುಂದಿನ ಸೀಟಿನಲ್ಲಿ ಕುಳಿತೆ. ಪಕ್ಕದಲ್ಲಿ ಮೂಸಾಕ, ಸ್ಟಿಯರಿಂಗಿನ ಕೆಳಗೆ ಆಂಪ್ಲಿಫಯರ್. ಮಲಯಾಳದ ಮಾಸ್ಟರು ಬೆಳಿಗ್ಗೆಯ ಸುತ್ತು ಮುಗಿಸಿ ಇಳಿದಿದ್ದರು. ಮೊದಲ ವಾಕ್ಯ ನಡುಗಿತು. ಎರಡನೆಯ ಅಂಗಡಿ ಬರುವಷ್ಟರಲ್ಲಿ ಸ್ವರ ನೆಟ್ಟಗಾಯಿತು. ಮಸೀದಿ ದಾಟಿ, ಶಿಲುಬೆಯ ಕಟ್ಟೆ ದಾಟಿ ಏರು ಹತ್ತುವಾಗ ಬರೆದು ತಂದ ಕಾಗದವನ್ನು ತೊಡೆಯಡಿ ಹಾಕಿದೆ. ನಮ್ಮ ಆ ರಸ್ತೆ ಒಂದು ಮೋರಿಯ ಹತ್ತಿರ ಕೇರಳ ಬಿಟ್ಟು ಕರ್ನಾಟಕದೊಳಗೆ ದೊಡ್ಡ ಬಳಸು ಹೋಗಿ, ಯಾರಿಗೂ ಹೇಳದೆ ಮತ್ತೆ ಕೇರಳಕ್ಕೆ ಬರುತ್ತದೆ. ಆ ಬಳಸಿನಲ್ಲಿ ನನ್ನ ಸ್ವರ ತಾನೇ ತಾನಾಗಿ ಹರಿಯಿತು. ಶಾಲೆಯ ಮಾವಿನ ಮರ, ಮಧ್ಯಾಹ್ನದ ಕಂಜಿ, ತೀರಿಕೊಂಡ ಟೀಚರುಗಳು, ಮಳೆಗೆ ಹಾರಿಹೋದ ಹಂಚು, ಏನೆಲ್ಲ ಹೇಳಿದೆನೋ. ಆ ಬಳಸಿನಲ್ಲೇ ಒಂದು ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸು ಕೈ ನಿಲ್ಲಿಸಿ, ಮೊರವನ್ನು ತೊಡೆಯ ಮೇಲಿಂದ ಇಳಿಸಿ, ನಾವು ತಿರುವು ದಾಟುವವರೆಗೂ ನನ್ನನ್ನೇ ನೋಡಿದಳು.

ಜೀಪಿನಿಂದ ಇಳಿಯುವಾಗ ಮೂಸಾಕನಿಗೆ, ಆ ಬಳಸಿನಲ್ಲಿ ಹೇಳಿದ್ದೇ ಎಲ್ಲಕ್ಕಿಂತ ಚಂದ ಬಂತು ಅಲ್ಲವಾ ಎಂದೆ. ಅವನು ಗಡ್ಡ ಕೆರೆದುಕೊಂಡ. ಮೈಕಿಗೆ ಪೊಲೀಸರ ಅನುಮತಿ ಕೇರಳದ ಬದಿಗೆ ಮಾತ್ರ ಇದ್ದದ್ದಂತೆ. ಹಳಬರೆಲ್ಲ ಮೋರಿ ಬಂದಾಗ ತಾವೇ ಬಾಯಿ ಮುಚ್ಚಿ ನೀರು ಕುಡಿಯುತ್ತಾರಂತೆ.

“ನೀವು ನಿಲ್ಲಿಸ್ಲಿಲ್ಲ. ಅಷ್ಟು ಚಂದ ಹೇಳ್ತಾ ಇದ್ರಿ, ಸಾಕು ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ ಟೀಚರೇ. ಮೆಲ್ಲ ಸ್ವಿಚ್ಚು ಆಫ್ ಮಾಡಿದೆ.”

ಮಾತಿನ ಗುಂಗಿನಲ್ಲಿ ಹಾರ್ನು ನಿಂತದ್ದು ನನಗೆ ತಿಳಿದೇ ಇರಲಿಲ್ಲ. ಅಂದರೆ ಅಷ್ಟನ್ನೂ ಕೇಳಿದ್ದು ಮೂಸಾಕ ಒಬ್ಬನೇ. ಹಾರ್ನು ಕಟ್ಟಿದ ಜೀಪೊಂದು ಸದ್ದಿಲ್ಲದೆ ಹೋಗುತ್ತಾ, ಒಳಗೊಬ್ಬಳು ಮುದುಕಿ ಕೈಬಾಯಿ ಆಡಿಸುತ್ತಿದ್ದರೆ ಯಾವ ಹೆಂಗಸಾದರೂ ಕೆಲಸ ಬಿಟ್ಟು ನೋಡಿಯಾಳು ಎಂದು ಲಾರೆನ್ಸ್ ಹೇಳುತ್ತಾನೆ. ಇರಬಹುದು. ಆದರೆ ನನ್ನ ನೆನಪಿನಲ್ಲಿ ಅವಳು ನೋಡಲಿಲ್ಲ, ಕೇಳಿದಳು. ನೋಡುವ ಮುಖಕ್ಕೂ ಕೇಳುವ ಮುಖಕ್ಕೂ ವ್ಯತ್ಯಾಸ ಒಬ್ಬ ಟೀಚರಿಗೆ ತಿಳಿಯದೇ? ಒಮ್ಮೆ ಹೋಗಿ ಅವಳನ್ನೇ ವಿಚಾರಿಸಿದರೆ ಮುಗಿಯಿತು. ಮನೆಯ ಗುರುತು ಇದೆ, ಬಸ್ಸೂ ಇದೆ. ಲಾರೆನ್ಸ್ ಎರಡು ಸಲ ಹೇಳಿಯೂ ಆಯಿತು. ಆದರೆ ಹೋಗಿ ಕೇಳಿ, ಅವಳು ಇಲ್ಲ ಎಂದುಬಿಟ್ಟರೆ?