ನೀರುನಾಯಿಯನ್ನು ಕಂಡವರು

ನಮ್ಮ ಕಡೆಯವರಿಗೆ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿ ಗೊತ್ತಿಲ್ಲ. ಅಂಗಳಕ್ಕೆ ಕಾಲಿಟ್ಟವನು ಯಾರೇ ಇರಲಿ, ಮೊದಲು ಬೆಲ್ಲ ಮತ್ತು ನೀರು, ಆಮೇಲೆ ಮಾತು. ಬಂದವರು ಏನಾದರೂ ಕೇಳಿದರೆ ಇಲ್ಲ ಎನ್ನಲು ನಾಲಿಗೆ ಹೊರಳುವುದಿಲ್ಲ. ಏಣಿ ಕೇಳಿ ನೋಡಿ, ಅದು ಮುರಿದು ಒಲೆಗೆ ಹೋಗಿದ್ದರೂ "ನಾಳೆ ಕೊಡುವ" ಎನ್ನುತ್ತಾರೆ. ಈ ಸದ್ಗುಣವನ್ನು ನಾನು ಬಹಳ ಕಾಲ ಹೊಗಳಿಕೊಂಡು ತಿರುಗಿದ್ದೆ. ನೀರುನಾಯಿಯ ಉಸ್ತುವಾರಿ ನನ್ನ ಹೆಗಲಿಗೆ ಬಿದ್ದ ಮೇಲೆ ನಿಲ್ಲಿಸಿದೆ.

ಆಗ ನಾನು ಪಾಣೆಮಂಗಳೂರಿನಲ್ಲಿ ಶಾಲಾ ಮಾಸ್ತರ. ನಿವೃತ್ತ ರೇಂಜರೊಬ್ಬರು ಊರೂರು ತಿರುಗಿ, ಸಂಬಳ ಕೇಳದವರನ್ನು ಹುಡುಕಿ, ಕಾಡುಪ್ರಾಣಿಗಳ ಮೇಲೆ ಕಣ್ಣಿಡುವ ಕೆಲಸ ಹಂಚುತ್ತಿದ್ದರು. ಬೆಳ್ತಂಗಡಿಯ ವಕೀಲರೊಬ್ಬರಿಗೆ ಕಾಡುಕೋಣ ಸಿಕ್ಕಿತು, ಮೂಡುಬಿದಿರೆಯ ಜವಳಿ ವ್ಯಾಪಾರಿಗೆ ಮಂಗಟ್ಟೆ ಹಕ್ಕಿ. ನನ್ನ ಪಾಲಿಗೆ ಬಂದದ್ದು ನೇತ್ರಾವತಿಯ ನೀರುನಾಯಿ. ಜನ್ಮದಲ್ಲಿ ನಾನು ಅದನ್ನು ಕಂಡವನಲ್ಲ. ಆದರೆ ರೇಂಜರ ಉದ್ದೇಶ ದೊಡ್ಡದಿತ್ತು. ಹೊಳೆಯಲ್ಲಿ ಮದ್ದಿನ ತೋಟೆ ಸಿಡಿಸಿ ಮೀನು ಹಿಡಿಯುವ ಚಾಳಿ ಆಗ ಹೆಚ್ಚುತ್ತಿತ್ತು. ನೀರುನಾಯಿ ಉಳಿದಿದೆ ಎಂದು ಖಾತ್ರಿಯಾದ ಕಡೆಯಲ್ಲಾದರೂ ಆ ಚಾಳಿಯನ್ನು ನಿಲ್ಲಿಸಲು ಸರಕಾರಕ್ಕೆ ಬರೆಯಬೇಕೆಂದಿದ್ದರು. "ಬರೆದದ್ದು ಸುಳ್ಳಾದರೆ ಮತ್ತೆ ನಮ್ಮನ್ನು ಯಾರೂ ನಂಬುವುದಿಲ್ಲ ಮಾಸ್ಟ್ರೇ" ಎಂದು ಎಚ್ಚರಿಸಿಯೂ ಇದ್ದರು.

ನಾನು ಹೊಳೆಬದಿಯ ಮನೆಯವರನ್ನೆಲ್ಲ ಸ್ವಯಂಸೇವಕರನ್ನಾಗಿ ಮಾಡಿಕೊಂಡೆ. ರಜೆಯ ದಿನ ಕೊಡೆ ಹಿಡಿದು ಹೊರಟರೆ ಮೊದಲು ಸಿಗುವುದು ಗಿರಿಜಕ್ಕನ ಮನೆ. ಬೆವರು ಸುರಿಯುತ್ತಿದ್ದ ನನ್ನ ಮುಖ ನೋಡಿ ಅವರು ಬೆಲ್ಲದ ತಟ್ಟೆ ಮುಂದಿಟ್ಟು, "ನಿನ್ನೆ ಒಂದು ಕಂಡೆ" ಎಂದರು. ದೋಣಿ ನಡೆಸುವ ಮೊಯ್ದಿನ್ ಬ್ಯಾರಿಗಳಿಗೆ ಆ ಸುದ್ದಿ ಹೇಳಿದೆ. ಪಕ್ಕದ ಮನೆಗಿಂತ ಕಡಿಮೆ ಉಪಚಾರ ಮಾಡಿ ಅವರಿಗೆ ಅಭ್ಯಾಸವಿಲ್ಲ. "ನನಗೆ ಜೋಡಿ ಕಂಡಿತು" ಎಂದರು. ಅಲ್ಲಿಂದ ಮುಂದೆ ನಾನು ನಡೆದಷ್ಟೂ ದೂರ ನೀರುನಾಯಿಗಳು ಸಂಸಾರ ಬೆಳೆಸುತ್ತ ಹೋದವು. ನಾನು ಹಿಗ್ಗಿ ಎಲ್ಲವನ್ನೂ ರೇಂಜರಿಗೆ ತಿಳಿಸಿದೆ.

ಗುಟ್ಟು ಒಡೆದವಳು ನನ್ನ ಹೆಂಡತಿ. "ಬಿಸಿಲಲ್ಲಿ ಬಂದು ಬಾಯಿ ಬಿಟ್ಟು ನಿಂತರೆ ನಿಮಗೆ ಯಾರು ಇಲ್ಲ ಹೇಳ್ತಾರೆ? ಸಿಂಹ ಕೇಳಿದರೂ ಉಂಟು ಹೇಳಿಯಾರು" ಎಂದಳು. ಸರಕಾರಕ್ಕೆ ಬರೆಯುವ ಮೊದಲು ಸ್ವತಃ ನೋಡಿ ಹೋಗುತ್ತೇನೆಂದು ರೇಂಜರ ಕಾಗದ ಅಷ್ಟರಲ್ಲೇ ಬಂದಿತ್ತು. ಮನೆಮನೆಗೂ ಓಡಿ, "ಕಾಣದಿದ್ದರೆ ಕಾಣಲಿಲ್ಲ ಹೇಳಿ, ನನ್ನ ಮರ್ಯಾದೆಯ ಪ್ರಶ್ನೆ" ಎಂದು ಅಂಗಲಾಚಿದೆ. ಎಲ್ಲರೂ "ಆಯ್ತು ಮಾಸ್ಟ್ರೇ" ಎಂದರು. ಅದನ್ನೂ ಅವರು ಇಲ್ಲ ಎನ್ನಲಾರದೆ ಹೇಳಿದ್ದೆಂದು ನನಗೆ ಹೊಳೆಯಬೇಕಿತ್ತು.

ನನ್ನ ಮರ್ಯಾದೆ ಎಂದದ್ದೇ ತಪ್ಪಾಯಿತು. ರೇಂಜರು ಬಂದ ದಿನ ಅವರ ಎದುರು ಅದನ್ನು ಉಳಿಸಲು ಇಡೀ ಹೊಳೆಬದಿಯೇ ಟೊಂಕ ಕಟ್ಟಿ ನಿಂತಿತು. ಗಿರಿಜಕ್ಕನಿಗೆ ಅಂದು ಬೆಳಿಗ್ಗೆಯೇ ಮರಿಗಳ ಸಮೇತ ಕಂಡಿತ್ತು. ಮೊಯ್ದಿನ್ ಬ್ಯಾರಿಗಳು, "ಅದು ನನ್ನ ದೋಣಿಯ ಹಿಂದೆಯೇ ಬರ್ತದೆ ಸಾರ್, ಬೇಡ ಅಂದರೂ ಕೇಳುವುದಿಲ್ಲ" ಎಂದರು. ರೇಂಜರು ಮೀಸೆಯಡಿಯಲ್ಲಿ ನಕ್ಕು ನನ್ನ ಕಡೆ ತಿರುಗಿದರು. "ಇವರದ್ದು ಬಿಡಿ. ನೀವು ಕಣ್ಣಾರೆ ಕಂಡಿದ್ದೀರಾ? ನೀವು ಹೇಳಿದರೆ ಸಾಕು."

ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಆ ಮುದುಕರು ಮಂಗಳೂರಿನಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಪಾಪ ಅನ್ನಿಸಿತು. "ಕಂಡೆ ಸಾರ್. ಬೆಳಿಗ್ಗೆ, ಸೇತುವೆಯ ಹತ್ತಿರದ ಆ ಬಂಡೆಯ ಮೇಲೆ" ಎಂದುಬಿಟ್ಟೆ.

ಅವರು ದಡದಲ್ಲಿ ಕೂತರು. ನಾನೂ ಕೂತೆ. ಆ ಬಂಡೆಯಿಂದ ನಾನು ಕಣ್ಣು ಕೀಳಲಿಲ್ಲ. ಕಂಡಕಂಡ ದೇವರಿಗೆಲ್ಲ ಒಂದೇ ಒಂದು ನೀರುನಾಯಿಯನ್ನು ಬೇಡಿಕೊಂಡೆ. ಬಿಸಿಲು ಇಳಿಯಿತು. ಒಂದು ಕಾಗೆ ಬಂದು ಕೂತು, ಬೇಸರವಾಗಿ ಹಾರಿಹೋಯಿತು. ಅವರ ಬಸ್ಸಿನ ಹೊತ್ತಾಯಿತು. ರೇಂಜರು ಎದ್ದು ಧೂಳು ಕೊಡವಿ, ನನ್ನ ಬಾಡಿದ ಮುಖವನ್ನೊಮ್ಮೆ ನೋಡಿದರು. ಅವರೂ ಈ ಕಡೆಯವರೇ ಎಂಬುದನ್ನು ನಾನು ಮರೆತೇ ಬಿಟ್ಟಿದ್ದೆ.

"ಈಗಷ್ಟೇ ತಲೆ ಎತ್ತಿ ಮುಳುಗಿತು ಮಾಸ್ಟ್ರೇ. ನೀವು ಕಂಡಿರಾ?" ಎಂದರು.

"ಕಂಡೆ ಸಾರ್" ಎಂದೆ. "ಬೆಳಿಗ್ಗೆ ಬಂದದ್ದೂ ಅದೇ."