ಸೌಟಕ್ಕನ ಕೈರುಚಿ

ಎಡವಟ್ಟಾದದ್ದು ಹಾಲಿನಿಂದ. ಎರಡು ಬೇಯಿಸಿದ ಆಲೂಗೆಡ್ಡೆ, ನಾಲ್ಕು ತುಂಡು ಹಳೇ ಬ್ರೆಡ್ಡು, ಎರಡು ಲೋಟ ಹಾಲು. ಕಲಸಿ, ತಟ್ಟಿ, ಕಾವಲಿಯ ಮೇಲೆ ಕೆಂಪಗೆ ಬೇಯಿಸಿ. ವಾರಪತ್ರಿಕೆಯ ಹದಿನಾಲ್ಕನೇ ಪುಟದಲ್ಲಿ ಸೌಟಕ್ಕ ಹೀಗೆಂದು ಬರೆದಿದ್ದಳು. ಪತ್ರಿಕೆಯ ಯಜಮಾನರ ಹೆಂಡತಿ ಅದನ್ನು ನಂಬಿ, ನೆಂಟರೆದುರು ಮಾಡಲು ಹೋಗಿ, ಕೊನೆಗೆ ಎಲ್ಲರಿಗೂ ಬಟ್ಟಲಲ್ಲಿ ಗಂಜಿ ಬಡಿಸಿದ್ದರು.

ಸೌಟಕ್ಕ ಎಂಬ ಹೆಂಗಸು ಭೂಮಿಯ ಮೇಲೆ ಇರಲಿಲ್ಲ. ಪುಟ ತುಂಬಲಿಲ್ಲವೆಂದು ಹಳೆಯ ಸಂಪಾದಕರು ಒಮ್ಮೆ "ಏನಾದ್ರೂ ಗೀಚಪ್ಪ" ಅಂದದ್ದಕ್ಕೆ ಕರಡು ತಿದ್ದುವವನು ಗೀಚಿದ್ದ. ಗುಟ್ಟು ಯಾರಿಗೂ ಹೇಳದೆ ಸಂಪಾದಕರು ನಿವೃತ್ತರಾದರು, ಗೀಚುವುದು ನಿಲ್ಲಲಿಲ್ಲ. ಟೀ ಕಾಯಿಸಲು ಹೋದರೂ ಪಾತ್ರೆ ಸೀಯಿಸುವ ಆಸಾಮಿ ನಾಲ್ಕು ವರ್ಷದಿಂದ ಸಾವಿರಾರು ಅಡುಗೆಮನೆ ನಡೆಸುತ್ತಿದ್ದ.

ಕೆಲಸದಲ್ಲಿ ಮಾತ್ರ ಅವನು ಒಂಬತ್ತು ವರ್ಷದಿಂದ ತಾತ್ಕಾಲಿಕ. ಈ ನಡುವೆ ಕಟ್ಟಡಕ್ಕೆ ಎರಡು ಸಲ ಸುಣ್ಣ ಬಿದ್ದಿತ್ತು, ಮೂರು ಸಂಪಾದಕರು ಬದಲಾಗಿದ್ದರು. ದುಡಿಸಿಕೊಳ್ಳುವಾಗ ಅವನು ಮನೆಮಗ, ಕಾಗದ ಕೊಡುವಾಗ ದಾರಿಹೋಕ. ಅಂತೂ ಇಂತೂ ಅವನ ಖಾಯಂ ಆದೇಶ ಇವತ್ತು ಯಜಮಾನರ ಮೇಜಿನ ಮೇಲೆ ರುಜುವಿಗೆ ಕಾದು ಬಿದ್ದಿತ್ತು.

"ನಾಲ್ಕು ಗಂಟೆಗೆ ಆಯಮ್ಮ ಇಲ್ಲಿರಬೇಕು," ಯಜಮಾನರು ಆದೇಶದ ಮೇಲೆ ಕನ್ನಡಕ ಇಟ್ಟು ಹೇಳಿದರು. "ನಮ್ಮನೆಯವರ ಕಣ್ಣೆದುರಿಗೆ ಅದೇ ತಿಂಡಿ ಮಾಡಿ ತೋರಿಸಲಿ. ಆಗ್ಲಿಲ್ಲ ಅಂದ್ರೆ ಅಂಕಣನೂ ಬಂದ್, ಅದನ್ನ ಒಳಗೆ ಬಿಟ್ಟೋನೂ ಮನೆಗೆ."

ಕರಡಿನವನು "ಊರಲ್ಲಿ ಇಲ್ವೇನೋ ಸಾರ್" ಅನ್ನುವಷ್ಟರಲ್ಲಿ ಜಾಹೀರಾತು ವಿಭಾಗದವನು ಬಾಯಿ ಹಾಕಿದ. ಕಚೇರಿಯಲ್ಲಿ ಅವನಿಗೆ ಡಂಗುರ ಎಂದೇ ಹೆಸರು. ಗೊತ್ತಿಲ್ಲದ ವಿಷಯವೆಂದರೆ ಅವನಿಗೆ ಉತ್ಸಾಹ ಜಾಸ್ತಿ.

"ಇದಾರೆ ಸಾರ್. ನಾನೇ ಅವರ ಕೈಲಿ ಊಟ ಮಾಡಿದೀನಿ. ದಪ್ಪಗೆ, ಲಕ್ಷಣವಾಗಿದಾರೆ. ವಾರ ವಾರ ಬರಹ ತರೋನು ಇವನೇ ಅಲ್ವಾ, ಕರ್ಕೊಂಡು ಬರ್ತಾನೆ ಬಿಡಿ."

ಹೊರಗೆ ಬಂದ ಮೇಲೆ ಕರಡಿನವನು ಕೇಳಿದ: "ಯಾಕೋ ಹಾಗಂದೆ?"

"ನಿನ್ನ ಪರವಾಗಿ ಒಂದು ಮಾತು ಹಾಕ್ದೆ ಕಣೋ. ನೆನಪಿಟ್ಕೋ."

ಊಟದ ಬಿಡುವಿನಲ್ಲಿ ಕರಡಿನವನು ಬಸ್ಸು ಹತ್ತಿ, ತನ್ನ ಮನೆಯ ಕೆಳಗಿನ ಕೋಣೆಗೆ ನುಗ್ಗಿದ. ಅಲ್ಲಿ ಹೊಲಿಗೆಯಕ್ಕ ಅಂಗಿಗೆ ಕಾಜ ಹೊಲಿಯುತ್ತಿದ್ದಳು. ಪುಣ್ಯಕ್ಕೆ ದಪ್ಪಗಿದ್ದಳು.

"ಅಕ್ಕಾ, ಒಂದು ಗಂಟೆ ಮಟ್ಟಿಗೆ ನೀವು ಸೌಟಕ್ಕ ಆಗ್ಬೇಕು."

ಅವನು ಎಲ್ಲವನ್ನೂ ಹೇಳಿ ಮುಗಿಸುವವರೆಗೂ ಅವಳು ಸೂಜಿ ನಿಲ್ಲಿಸಲಿಲ್ಲ. ಆಮೇಲೆ ತಲೆಯೆತ್ತಿದಳು.

"ಬದನೆಕಾಯಿಗೆ ಬೆಲ್ಲ ಹಾಕಿ ಬತ್ತಿಸಿ ಅಂತ ಬರೆದೋನು ನೀನಾ? ಮೂರು ದಿನ ಬಾಣಲೆ ಉಜ್ಜಿದೀನಿ."

"ಕೆಲಸ ಹೋಗುತ್ತೆ ಅಕ್ಕ."

ಅವಳು ಅವನ ಮುಖ ನೋಡಿದಳು. ಅಂಗಿ ಮಡಿಸಿಟ್ಟಳು. "ನಡಿ. ನಿನ್ನ ಬರಹ ಕಟ್ಕೊಂಡು ನಂಗೇನು. ತಿಂಡಿ ನಾನು ನೋಡ್ಕೋತೀನಿ."

ನಾಲ್ಕಕ್ಕೆ ಯಜಮಾನರ ಮೇಜಿನ ಮೇಲೆ ಕರೆಂಟ್ ಒಲೆ ಕಾದಿತ್ತು. ಹೊಲಿಗೆಯಕ್ಕ ಆಲೂಗೆಡ್ಡೆ ಹಿಸುಕಿದಳು, ಬ್ರೆಡ್ಡು ಪುಡಿಮಾಡಿದಳು, ಹಾಲಿನ ಪಾತ್ರೆಯಿಂದ ಎರಡೇ ಎರಡು ಚಮಚ ಚಿಮುಕಿಸಿದಳು. ತಟ್ಟಿದ್ದು ಬಿಲ್ಲೆಯಂತೆ ನಿಂತಿತು. ಕರಡಿನವನು ಬೆಳಗಿನಿಂದ ಮೊದಲ ಸಲ ಉಸಿರು ಬಿಟ್ಟ.

"ಚಮಚನಾ?" ಯಜಮಾನರ ಹೆಂಡತಿ ಪತ್ರಿಕೆ ಬಿಡಿಸಿದರು. "ಇದರಲ್ಲಿ ನೀವೇ ಲೋಟ ಅಂದಿದ್ದೀರಲ್ಲ."

ಬಿಟ್ಟ ಉಸಿರು ಅಲ್ಲೇ ನಿಂತಿತು. ಹೊಲಿಗೆಯಕ್ಕ ಮಾತ್ರ ಬಿಲ್ಲೆಯನ್ನು ಮಗುಚಿ ಹಾಕಿ, ಸೆರಗಿಗೆ ಕೈ ಒರೆಸಿಕೊಂಡಳು.

"ನಾನು ಚಮಚ ಅಂತಾನೇ ಬರ್ಕೊಟ್ಟಿದ್ದು ತಾಯಿ. ಲೋಟ ಮಾಡಿದೋರು ಯಾರು ಅಂತ ನಿಮ್ಮ ಕಚೇರಿಲೇ ಕೇಳಿ."

"ಕರಡು ನೋಡೋನು ಇವನೇ ಸಾರ್," ಅಂದ ಡಂಗುರ, ಬಾಗಿಲಿನಿಂದಲೇ.

ಎಲ್ಲರ ಕಣ್ಣೂ ತಿರುಗಿದವು. ತಾನು ತಿದ್ದಿಲ್ಲ ಅಂದರೆ ಸೌಟಕ್ಕ ಸಾಯುತ್ತಾಳೆ. ಸೌಟಕ್ಕ ಸತ್ತರೆ ತಾನೂ ಉಳಿಯುವುದಿಲ್ಲ. "ತಪ್ಪಾಯ್ತು ಸಾರ್," ಅಂದ.

ಯಜಮಾನರ ಹೆಂಡತಿ ಅಷ್ಟರಲ್ಲಿ ಮೂರನೇ ಬಿಲ್ಲೆಗೆ ಕೈ ಹಾಕಿದ್ದರು. "ಇಂಥೋರನ್ನ ಹೊರಗಿಟ್ಟು ಎಂಥೋರನ್ನ ಖಾಯಂ ಮಾಡೋಕೆ ಹೊರಟಿದ್ರಿ ನೋಡಿ," ಎಂದರು ಗಂಡನಿಗೆ. ಯಜಮಾನರು ಆದೇಶ ಎಳೆದುಕೊಂಡು, ಅದರಲ್ಲಿದ್ದ ಹೆಸರು ಹೊಡೆದುಹಾಕಿ, ಮೇಲೆ ಇನ್ನೊಂದು ಬರೆದು ರುಜು ಹಾಕಿದರು. "ನಾಳೆಯಿಂದ ಇಲ್ಲೇ ಕೂತು ಬರೀರಿ ಅಮ್ಮ. ಏಯ್, ನಿಂದು ಮುಂದಿನ ವರ್ಷ ನೋಡೋಣ. ಈ ವಾರ ಓದುಗರ ಕ್ಷಮೆ ಕೇಳು."

ಮೆಟ್ಟಿಲ ಹತ್ತಿರ ಹೊಲಿಗೆಯಕ್ಕ ಅವನ ತೋಳು ಹಿಡಿದಳು. "ಯಾರ ಮೇಲಾದ್ರೂ ಹಾಕ್ಲೇಬೇಕಿತ್ತಲ್ಲಪ್ಪ. ಇಪ್ಪತ್ತು ವರ್ಷ ಕಾಜ ಹೊಲಿದು ಕಣ್ಣು ಮಂಜಾಗಿದೆ ನಂಗೆ. ಖಾಯಂ ಅಂದ್ಬಿಟ್ರು, ಬೇಡ ಅನ್ನೋಕೆ ಬಾಯೇ ಬರ್ಲಿಲ್ಲ." ತೋಳು ಬಿಡದೆಯೇ ಸೇರಿಸಿದಳು: "ಬರೆಯೋದು ಮಾತ್ರ ನೀನೇ. ನಂಗೆಲ್ಲಿ ಬರುತ್ತೆ."

ಅವನು ತನ್ನ ಕುರ್ಚಿಗೆ ಹೋಗಿ ಬರೆದ: 'ಕರಡು ತಿದ್ದುವವನ ಅಜಾಗರೂಕತೆಯಿಂದಾದ ಪ್ರಮಾದಕ್ಕೆ ವಿಷಾದಿಸುತ್ತೇವೆ.' ಒಂಬತ್ತು ವರ್ಷದಲ್ಲಿ ಪತ್ರಿಕೆ ಅವನ ಬಗ್ಗೆ ಅಚ್ಚು ಹಾಕುತ್ತಿದ್ದ ಮೊದಲ ಸಾಲು ಅದು. ಒಂದಕ್ಷರವೂ ತಪ್ಪದಂತೆ ಮೂರು ಸಲ ತಿದ್ದಿದ.