ಕುದುರೆ ನೀರು ಕುಡಿಯುತ್ತದೆ

ಸಿಯಾಲ್ದಾ ಸ್ಟೇಷನ್ನಿನ ಹೊರಗಿನ ಫುಟ್‌ಪಾತಿನಲ್ಲಿ ರಘುರಾಮ ಕೊಂಡ ಪುಸ್ತಕಕ್ಕೆ ರಟ್ಟೇ ಇರಲಿಲ್ಲ. ಯಾವುದೋ ಅನುವಾದದ ಕಾದಂಬರಿ ಇರಬೇಕೆಂದು ತಂದಿದ್ದ. ಮನೆಗೆ ಬಂದು ತೆರೆದರೆ ಐಸ್‌ಲ್ಯಾಂಡಿನ ಭಾಷೆಯ ವ್ಯಾಕರಣ! ಮೊದಲ ಪಾಠದಲ್ಲಿ ಒಂದೇ ವಾಕ್ಯ: ‘ಹೆಸ್ತುರಿನ್ ದ್ರೆಹ್ಕುರ್ ವಾತ್ನ್.’ ಕುದುರೆ ನೀರು ಕುಡಿಯುತ್ತದೆ.

ಭಾನುವಾರ ಬೆಳಿಗ್ಗೆ ಅದನ್ನು ಬಿಡಿಸುತ್ತ ಕೂತವನಿಗೆ ಮೈ ಜುಮ್ಮೆಂದಿತು. ಹೆಸ್ತುರ್ ಎಂದರೆ ಕುದುರೆ. ‘ಆ ಕುದುರೆ’ ಎನ್ನಬೇಕಾದರೆ ಹಿಂದಕ್ಕೊಂದು ‘ಇನ್’ ಅಂಟಿಸಬೇಕು, ಬಾಲದ ಹಾಗೆ. ಅಲ್ಲಿಯೂ ವಿಭಕ್ತಿಗಳಿದ್ದವು! ಭೂಪಟದ ನೆತ್ತಿಯ ಮೇಲೆ, ಹಿಮದಡಿಯಿಂದ ಬೆಂಕಿ ಉಗುಳುವ ದ್ವೀಪದಲ್ಲಿ, ತಾನು ಉಡುಪಿಯಲ್ಲಿ ಅಜ್ಜನೆದುರು ರಾಮಶಬ್ದ ಒಪ್ಪಿಸಿದಂತೆ ಮಕ್ಕಳು ಕುದುರೆಶಬ್ದ ಒಪ್ಪಿಸುತ್ತಾರೆ! ಸ್ನಾನ ಮುಗಿಸಿ, ಒದ್ದೆ ಟವೆಲಿನಲ್ಲೇ ಬಾಲ್ಕನಿಗೆ ಬಂದು, ಅಜ್ಜನ ರಾಗದಲ್ಲೇ ಕುದುರೆಶಬ್ದ ಶುರುಮಾಡಿದ:

“ಹ್ಯೇರ್ ಎರ್ ಹೆಸ್ತುರ್, ಉಮ್ ಹೆಸ್ತ್, ಫ್ರೌ ಹೆಸ್ತಿ, ತಿಲ್ ಹೆಸ್ತ್ಸ್!”

ಕೊನೆಯ ‘ಹೆಸ್ತ್ಸ್’ ಬಾಯಿಂದ ಬಿದ್ದದ್ದಕ್ಕೂ ಹೋಗಿದ್ದ ಕರೆಂಟು ಬಂದದ್ದಕ್ಕೂ ಸರಿಹೋಯಿತು. ಲೇಕ್ ಗಾರ್ಡನ್ಸಿನ ಆ ಇಡೀ ಗಲ್ಲಿಯ ಫ್ಯಾನುಗಳು ಒಟ್ಟಿಗೆ ತಿರುಗಿದವು.

ಕೆಳಗಿನ ಮನೆಯಿಂದ ಗಣಪಯ್ಯ ಓಡಿ ಬಂದರು. ಅವರು ಮನೆಯ ಮಾಲೀಕರು, ಟಾಲಿಗಂಜಿನಲ್ಲಿ ಹೋಟೆಲು. ಅವರ ಮಗಳು ಮುಕ್ತಾಳನ್ನು ರಘುರಾಮ ತನ್ನ ಅಪ್ಪನಿಂದ ಹೆಣ್ಣು ಕೇಳಿಸಿದ್ದ. “ರೈಲ್ವೆ ಕೆಲಸ ಉಂಟು, ಗುಣ ಉಂಟು. ಆದ್ರೆ ಮಾರಾಯ, ನೀನು ಸಂಧ್ಯಾವಂದನೆ ಮಾಡಿದ್ದು ಮಾತ್ರ ನಾನು ಕಂಡದ್ದಿಲ್ಲ” ಎಂದು ಗಣಪಯ್ಯ ರಾಗ ಎಳೆದಿದ್ದರು. ಈ ಸಂಜೆ ಉತ್ತರ ಹೇಳುವವರಿದ್ದರು.

“ಇದು ಎಂತದ್ದು? ಯಾವ ವೇದದ್ದು?” ಎಂದರು ಈಗ.

“ಕೇಳ್ಬೇಡಿ! ಹೇಳಿದ್ರೆ ಶಕ್ತಿ ಹೋಗ್ತದೆ” ಎಂದು ಹೆಂಡತಿ ರತ್ನಾವತಿ ಹಿಂದಿನಿಂದ ಅವರ ಶಲ್ಯ ಜಗ್ಗಿದರು.

ರಘುರಾಮ ನಿಜ ಹೇಳಲು ಬಾಯಿ ತೆರೆದ. ಮೆಟ್ಟಿಲ ಬಳಿ ಮುಕ್ತಾ ನಿಂತಿದ್ದಳು. ಬಾಯಿ ಮುಚ್ಚಿದ.

“ನೀವು ದಿನಾ ಹೇಳ್ತೀರಾ?” ಎಂದರು ಗಣಪಯ್ಯ. ನಿನ್ನೆಯವರೆಗೆ ‘ನೀನು’ ಆಗಿದ್ದವನಿಗೆ ಅರ್ಧ ಮದುವೆ ಆದಂತೆನಿಸಿತು.

ಮಧ್ಯಾಹ್ನ ಪಕ್ಕದ ಮನೆಯ ಧಾರವಾಡದ ಚನ್ನಮ್ಮ ಮೊಮ್ಮಗುವನ್ನು ಹೊತ್ತು ತಂದರು. “ತಮ್ಮಾ, ಈ ಕೂಸು ನಿದ್ದಿನ ಮಾಡೂದಿಲ್ಲ. ಒಂದೀಟ ನಿನ್ನ ಮಂತ್ರ ಅನ್ನಪಾ.” ಎರಡನೇ ವಿಭಕ್ತಿಗೇ ಕೂಸು ಗೊರಕೆ ಹೊಡೆಯಿತು. ವ್ಯಾಕರಣಕ್ಕೆ ಬರುವ ನಿದ್ದೆ ಎಲ್ಲ ಭಾಷೆಯಲ್ಲೂ ಒಂದೇ. ಆದರೆ ಚನ್ನಮ್ಮ ಅದನ್ನು ಗಲ್ಲಿಗೆಲ್ಲ ಸಾರಿದರು. ನಾಲ್ಕಕ್ಕೆ ಎದುರುಮನೆಯ ಘೋಷ್‌ಬಾಬು ತಮ್ಮ ಫುಟ್‌ಬಾಲ್ ಟೀಮು ಗೆಲ್ಲಲೆಂದು ಸಂದೇಶ್ ಮಿಠಾಯಿಯ ಪೊಟ್ಟಣ ಹಿಡಿದು ಬಂದರು.

ಸಂಜೆ ಗಣಪಯ್ಯನವರ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ರಘುರಾಮನಿಗೆ ಮಣೆ, ಎದುರಿಗೆ ಊದುಬತ್ತಿ. ಕೈಮುಗಿದು ಕೂತ ಅಷ್ಟು ಮುಖಗಳನ್ನು ನೋಡಿ ಅವನ ಎದೆ ಟ್ರಾಮಿನಂತೆ ಗಡಗಡ ಎಂದಿತು.

“ತಪ್ಪಾಯ್ತು, ಇದು ಮಂತ್ರ ಅಲ್ಲ!” ಎಂದುಬಿಟ್ಟ. “ಐಸ್‌ಲ್ಯಾಂಡಿನ ಪಾಠ. ಕುದುರೆ ನೀರು ಕುಡಿಯುತ್ತದೆ ಅಂತ ಕಲೀತಾ ಇದ್ದೆ. ಬರೀ ಕುದುರೆ!”

ಗಣಪಯ್ಯನವರ ಕಣ್ಣಲ್ಲಿ ನೀರು.

“ಕುದುರೆ! ಕೇಳಿದ್ಯಾ ರತ್ನಾ? ಹಯಗ್ರೀವ ದೇವರು! ಕುದುರೆ ಮೋರೆಯ ಸ್ವಾಮಿ ಹಿಮದ ದೇಶದವರ ಬಾಯಲ್ಲೂ ಇದ್ದಾನೆ. ಬರೀ ಕುದುರೆಯಂತೆ! ಎಂಥ ವಿನಯ ನೋಡು!”

ರತ್ನಾವತಿ ಒಳಗೆ ಓಡಿ ಕಡಲೆಬೇಳೆ, ಬೆಲ್ಲದ ಹಯಗ್ರೀವ ಬೇಯಲಿಟ್ಟರು.

“ಹಾಗಾದ್ರೆ… ಉತ್ತರ?” ಎಂದ ರಘುರಾಮ, ಮೆಲ್ಲಗೆ.

“ಹೇಳ್ತೇನೆ. ಇಂಥ ಉಪಾಸಕರ ಕೊರಳಿಗೆ ಸಂಸಾರ ಕಟ್ಟಿದ್ರೆ ನನ್ನ ಏಳು ತಲೆಮಾರಿಗೆ ಪಾಪ. ಮುಕ್ತಾಳನ್ನು ನನ್ನ ತಂಗಿಯ ಮಗ ರಾಮಕೃಷ್ಣನಿಗೆ ಕೊಡುವುದು ಅಂತ ಈಗಷ್ಟೇ ನಿಶ್ಚಯ ಮಾಡಿದೆ. ಮುಹೂರ್ತಕ್ಕೆ ನೀವೇ ಕೂತು ಮಂತ್ರ ಹೇಳ್ಬೇಕು.”

ರಘುರಾಮ ಏಳಲು ಹೋದ. ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಲ್ಲಿ ಎಲ್ಲರೂ ಅವನತ್ತ ತಿರುಗಿದ ಸದ್ದು ಕೇಳಿಸಿತು. ಅಡಿಗೆಮನೆಯ ಬಾಗಿಲಿಂದ ಮುಕ್ತಾಳ ದನಿ ಬಂತು, ಭಯಭಕ್ತಿಯಿಂದ:

“ಸ್ವಾಮೀ, ಸ್ವಲ್ಪ ಬೇಗ ಹೇಳಿ. ಏನೂ ಕಾಣ್ತಿಲ್ಲ, ಪಾಕ ತಳ ಹಿಡೀತದೆ.”

ರಘುರಾಮ ಮತ್ತೆ ಮಣೆಯ ಮೇಲೆ ಕೂತ. “ಹ್ಯೇರ್ ಎರ್ ಹೆಸ್ತುರ್…”